ಸೋಮವಾರದ ಬಾಟಲಿಗಳು

ಮಂಗಳಮ್ಮ ಕೊಟ್ಟ ಬಾಟಲಿ ಬೆಚ್ಚಗಿತ್ತು. ಮುಚ್ಚಳ ಬಿಗಿ ಮಾಡುವಾಗಲೇ ವಾಸನೆಯಿಂದ ನನಗೆ ತಿಳಿಯಿತು, ಅದು ಗಂಜಲ. ಸುತ್ತೂರಿನ ನಮ್ಮ ಮನೆಯಲ್ಲೂ ಎರಡು ಹಸುಗಳಿವೆ. ಕೊಟ್ಟಿಗೆ ಗುಡಿಸುತ್ತಲೇ ನಾನು ಎಂ.ಎಸ್ಸಿ. ಮುಗಿಸಿದವಳು. ಆದರೂ ಬಾಯಿ ಬಿಡಲಿಲ್ಲ. ಅವರ ಹೆಸರು, ವಯಸ್ಸು ಬರೆದ ಚೀಟಿ ಅಂಟಿಸಿ ಪೆಟ್ಟಿಗೆಯಲ್ಲಿಟ್ಟೆ.

ಚಿಕ್ಕಯ್ಯನಛತ್ರದ ಸುತ್ತಲಿನ ಹಳ್ಳಿಗಳಲ್ಲಿ ಕೊಳವೆಬಾವಿಯ ನೀರಿನಿಂದ ಜನರ ಕಿಡ್ನಿ ಕೆಡುತ್ತಿದೆಯೇ ಎಂದು ನೋಡುವ ಅಧ್ಯಯನ ಅದು. ಊರಿಗೆ ನಲವತ್ತು ಹೆಂಗಸರ ಬೆಳಗಿನ ಮೂತ್ರ ತರಬೇಕು. ಅದರಲ್ಲಿ ಪ್ರೋಟೀನ್ ಕಂಡರೆ ರಕ್ತಪರೀಕ್ಷೆ, ಮೈಸೂರಿನ ವೈದ್ಯರು, ಔಷಧಿ. ಮಂಗಳಮ್ಮ ಆ ವೈದ್ಯರಿಗಾಗಿ ಕಾಯುತ್ತಿದ್ದರು. ಆರು ತಿಂಗಳಿಂದ ಅವರ ಪಾದ ಊದಿತ್ತು. ಬೆರಳಿನಿಂದ ಒತ್ತಿದರೆ ಬಿದ್ದ ಗುಳಿ ಬೇಗ ತುಂಬುತ್ತಿರಲಿಲ್ಲ. ಬಾಟಲಿ ಬರೀ ಶಾಸ್ತ್ರಕ್ಕೆ, ನಿಜವಾದ ಪರೀಕ್ಷೆ ಆಮೇಲಿನದು ಎಂದು ಅವರು ತಿಳಿದಿದ್ದರು. ಹಾಗಲ್ಲವೆಂದು ಬಿಡಿಸಿ ಹೇಳುವ ಕೆಲಸ ನನ್ನದಾಗಿತ್ತು.

ಲ್ಯಾಬಿನವರು ಬಾಟಲಿ ತೆಗೆದುಕೊಳ್ಳುತ್ತಿದ್ದುದು ಸೋಮವಾರ ಮಾತ್ರ. ಆ ಊರಿನ ಹೆಂಗಸರು ಸೋಮವಾರ ತಲೆಗೆ ನೀರು ಹಾಕಿಕೊಂಡು ಪೂಜೆ ಮುಗಿಸುವ ತನಕ ಮೈಲಿಗೆ ಮುಟ್ಟುವುದಿಲ್ಲ. ಉಚ್ಚೆ ಹಿಡಿದ ಬಾಟಲಿಯನ್ನು ಕೈಯಲ್ಲಿ ಹಿಡಿದು ಅಂಗಳಕ್ಕೆ ಬರುವ ಮಾತೇ ಇಲ್ಲ. ಬಾಗಿಲಿಗೆ ಬಂದ ಹುಡುಗಿಯನ್ನು ಬರಿಗೈಯಲ್ಲಿ ಕಳಿಸಲೂ ಮನಸ್ಸಿಲ್ಲ. ಗಂಜಲಕ್ಕೆ ಮೈಲಿಗೆಯಿಲ್ಲವಲ್ಲ. ಒಬ್ಬೊಬ್ಬರಾಗಿ ಕೊಟ್ಟಿಗೆಯ ಕಡೆಯಿಂದ ಬಂದರು.

ಜೀಪಿನಲ್ಲಿ ಕೂತಿದ್ದ ಮೇಲ್ವಿಚಾರಕ ಮಲ್ಲಿಕಾರ್ಜುನ್ ಹಾರನ್ ಒತ್ತಿದ. "ಬಿಂದುಶ್ರೀ, ಒಂಬತ್ತಕ್ಕೆ ಹೊರಡ್ಬೇಕು. ಎಷ್ಟಾಯ್ತು?"

"ನಲವತ್ತು ಸರ್" ಎಂದೆ.

ತಿಂಗಳ ನಂತರ ಫಲಿತಾಂಶ ಬಂತು. ಊರಿಗೆ ಊರೇ ಆರೋಗ್ಯವಾಗಿತ್ತು. ರಕ್ತಪರೀಕ್ಷೆಯ ಎರಡನೇ ಹಂತ ಅಲ್ಲಿಗೆ ಬೇಡವೆಂದಾಯಿತು. ನಂಜನಗೂಡಿನ ಕಚೇರಿಯಲ್ಲಿ ಇಡ್ಲಿ ತಿನ್ನುತ್ತಿದ್ದ ಮಲ್ಲಿಕಾರ್ಜುನನ ಮುಂದೆ ನಿಂತು ನಿಜ ಹೇಳಿದೆ.

"ಅದಕ್ಕೇ ಅಷ್ಟು ಶುದ್ಧವಾಗಿ ಬಂದಿದೆ ಅನ್ನು" ಎಂದು ನಕ್ಕ.

"ಮಂಗಳವಾರ ಹೋಗಿ ಇನ್ನೊಂದ್ಸಲ ತರ್ತೀನಿ ಸರ್."

"ತಂದು ಎಲ್ಲಿಡ್ತೀಯ, ನಿಮ್ಮನೇಲಾ? ಬೇರೆ ಊರುಗಳ ಜೊತೆ ಹೋಲ್ಸೋಕೆ ಒಂದು ಚೆನ್ನಾಗಿರೋ ಊರು ಬೇಕಿತ್ತು. ಸಿಕ್ತು." ಚಟ್ನಿ ಮೆತ್ತಿದ ಬೆರಳನ್ನೇ ಬಾಟಲಿಗಳ ಜೊತೆ ನಾನು ತುಂಬಿ ಕೊಟ್ಟಿದ್ದ ಫಾರಂ ಮೇಲಿಟ್ಟ. "'ನನ್ನ ಎದುರಿನಲ್ಲೇ ಸಂಗ್ರಹಿಸಿದ್ದು' ಅಂತ ಇದೆ ಇಲ್ಲಿ. ಸೈನ್ ಯಾರ್ದಮ್ಮ ಇದು?"

ಹಸಿರು ಕಲೆ ನನ್ನ ಸಹಿಯ ಮೇಲೆ ಹರಡಿತು. ಕಾಗದ ಎಳೆದುಕೊಂಡು ಒರೆಸಿದೆ.

ಬೆಂಗಳೂರಿನಲ್ಲಿದ್ದ ಅಧ್ಯಯನದ ಮುಖ್ಯಸ್ಥರಿಗೆ ನಾನೇ ಪತ್ರ ಬರೆದೆ. ಎರಡು ಸಾಲಿನ ಉತ್ತರ ಬಂತು. ತಿಳಿಸಿದ್ದಕ್ಕೆ ಧನ್ಯವಾದ, ಆ ಊರನ್ನು ಅಧ್ಯಯನದಿಂದ ಕೈಬಿಡಲಾಗಿದೆ. ನಲವತ್ತು ಜನ ಒಂದೇ ಸಾಲಿನಲ್ಲಿ ಇಲ್ಲವಾದರು.

ಮರುದಿನ ಬಸ್ಸು ಹತ್ತಿ ಮಂಗಳಮ್ಮನ ಮನೆಗೆ ಹೋದೆ. ಜಗಲಿಯ ಮೇಲೆ ಕೂತಿದ್ದರು. ಊತ ಮೊಣಕಾಲಿನ ತನಕ ಏರಿತ್ತು.

"ರಿಪೋರ್ಟು ಚೆಂದಾಗ್ ಬಂತಂತೆ ಕಣವ್ವ. ನಮ್ಮನೆಯವ್ರು, ಇನ್ಮೇಲೆ ಆಸ್ಪತ್ರೆ ಗೀಸ್ಪತ್ರೆ ಅಂದ್ರೆ ಸುಮ್ಕಿರಾಕಿಲ್ಲ ಅಂದವ್ರೆ."

"ಅದು ನಿಮ್ಮ ರಿಪೋರ್ಟಲ್ಲ ಅಮ್ಮ. ಹಸೂದು. ನಿಮ್ಮ ಕಾಯಿಲೇನ ಯಾರೂ ಪರೀಕ್ಷೆ ಮಾಡೇ ಇಲ್ಲ."

ಅವರು ನಕ್ಕರು. "ಅಂಗಾರೆ ನಮ್ ಗೌರಿ ಗಟ್ಟಿಯಾಗವ್ಳೆ ಅನ್ನು."

ನಗು ಮುಗಿಯುವ ಮೊದಲೇ ಅವರ ಮುಖ ಬದಲಾಯಿತು. "ನಿಮ್ಮನೇಲೂ ದನ ಅವೆ ಅಂದಿದ್ದೆ. ಅವತ್ತೇ ಗೊತ್ತಾಗ್ನಿಲ್ವಾ ನಿಂಗೆ?"

"ಗೊತ್ತಾಯ್ತು."

ಮಂಗಳಮ್ಮ ಊದಿದ ಕಾಲನ್ನು ಸೀರೆಯೊಳಗೆ ಎಳೆದುಕೊಂಡರು.

"ನಾಳೆ ನಂಜನಗೂಡು ಆಸ್ಪತ್ರೆಗೆ ಹೋಗೋಣ. ನಾನೇ ಬಂದು ಕರ್ಕೊಂಡು ಹೋಗ್ತೀನಿ, ನಿಮ್ಮ ಯಜಮಾನರಿಗೂ ಹೇಳ್ತೀನಿ" ಎಂದೆ.

ಮಂಗಳಮ್ಮ ಕಂಬ ಹಿಡಿದು ಎದ್ದರು. "ಅವ್ರಿಗೆ ಏಳ್ಬುಟ್ಟು ಓಗು. ಆಸ್ಪತ್ರೆಗೆ ನೀ ಬ್ಯಾಡ ಕಣವ್ವ, ನನ್ ತಂಗಿ ಮಗಳ್ನ ಕರ್ಕೊಂಡ್ ಓಯ್ತೀನಿ."