ಸೂರಿನ ಸಂದಿಯ ಜಾಲಿಮುಳ್ಳು

ನಾನು ಒಂದು ಗಾಲಿಮನೆ. ಮಲಗುವುದು, ಉಣ್ಣುವುದು, ಅಡುಗೆ ಮಾಡುವುದು ಎಲ್ಲವೂ ಒಳಗೇ ಆಗುವಂಥ ಕ್ಯಾಂಪರ್ ವ್ಯಾನು. ಹುಟ್ಟಿದ್ದು ಹುಬ್ಬಳ್ಳಿಯ ದಾವಲಸಾಬರ ಶೆಡ್ಡಿನಲ್ಲಿ. ಲಾರಿಗಳಿಗೂ ಬಸ್ಸುಗಳಿಗೂ ಬಾಡಿ ಕಟ್ಟುವ ಮನುಷ್ಯ ಅವರು. ನನ್ನಂಥದ್ದನ್ನು ಅದಕ್ಕೆ ಮೊದಲು ಕಟ್ಟಿರಲಿಲ್ಲ. ಆದ್ದರಿಂದ ನನ್ನ ಮೇಲೆ ಅವರಿಗೆ ಭಯವೂ ಇತ್ತು, ಮಮತೆಯೂ ಇತ್ತು.

ನನ್ನ ಎಡಗಡೆಯ ಗೋಡೆ ಮೇಜಿನ ಖಾನೆಯ ಹಾಗೆ ಹೊರಗೆ ಜಾರುತ್ತಿತ್ತು. ಗುಂಡಿ ಒತ್ತಿದರೆ ಒಂದು ಪುಟ್ಟ ಕೋಣೆಯೇ ಹೊರಬರುತ್ತಿತ್ತು. ಅದಕ್ಕೆ ಅದರದೇ ಸೂರು. ಒಳಗೆ ಎಳೆದುಕೊಳ್ಳುವಾಗ ಆ ಸೂರು ಒಂದು ರಬ್ಬರ್ ಪಟ್ಟಿಯ ಕೆಳಗೆ ನುಸುಳಿ ಬರಬೇಕು. ಆ ಪಟ್ಟಿಯೇ ನೀರನ್ನು ತಡೆಯುವುದು.

"ಅಕ್ಕಾರ, ಇದೊಂದು ಮಾತು ನೆನಪಿಡ್ರಿ. ಕೋಣಿ ಒಳಗ ಎಳಿಯೂ ಮುಂಚೆ ಏಣಿ ಹತ್ತಿ ಮ್ಯಾಲಿನ ಕಸಾ ಪೂರಾ ತಗೀಬೇಕು," ಎಂದು ನನ್ನನ್ನು ಒಪ್ಪಿಸುವ ದಿನ ದಾವಲಸಾಬರು ಹೇಳಿದರು.

ಕೊಂಡವರು ಗದಗಿನ ನೀಲಾಂಬಿಕಾ. ಹೆಂಗಸರಿಗೆ ಕಾರು ಕಲಿಸುವ ಶಾಲೆ ನಡೆಸುತ್ತಿದ್ದರು. ಅವರ ಕೈಯಲ್ಲಿ ಸ್ಟೇರಿಂಗು ಇದ್ದರೆ ನನಗೆ ತಗ್ಗು ದಿಣ್ಣೆಗಳ ಚಿಂತೆಯೇ ಇರುತ್ತಿರಲಿಲ್ಲ. ಅವರ ಗಂಡ ಚನ್ನವೀರ ಸರ್ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಮಾಸ್ತರು. ಒಂದು ಕಾಲಕ್ಕೆ ಅವರ ಸೀಟಿಯ ಸದ್ದಿಗೆ ನಾನೂರು ಮಕ್ಕಳು ಒಟ್ಟಿಗೆ ಕಾಲೆತ್ತಿ ಹಾಕುತ್ತಿದ್ದರಂತೆ. ನಾನು ನೋಡುವ ಹೊತ್ತಿಗೆ ಅವರ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ್ದವು. ಹೊಟ್ಟೆಗೆ ಒಂದು ಸಣ್ಣ ನಳಿಗೆ ಕೂಡಿಸಿದ್ದರು. ದಿನಕ್ಕೆ ನಾಲ್ಕು ಬಾರಿ ಅದರ ಮೂಲಕ ಹೊಟ್ಟೆಯಲ್ಲಿದ್ದ ಹಳೆಯ ನೀರನ್ನು ಹೊರಗೆ ಹರಿಸಿ, ಚೀಲದ ಹೊಸ ಔಷಧದ ನೀರನ್ನು ಒಳಗೆ ಬಿಟ್ಟುಕೊಳ್ಳಬೇಕು. ಬಾಗಿಲು ಮುಚ್ಚಿ, ಫ್ಯಾನು ನಿಲ್ಲಿಸಿ, ಕೈ ತಿಕ್ಕಿ ತೊಳೆದು ಮಾಡುವ ಕೆಲಸ. ಕೋಣೆ ಒಣಗಿರಬೇಕು, ಸ್ವಚ್ಛವಿರಬೇಕು.

ಬೇರೆಯವರ ಮನೆಯಲ್ಲಿ ಅಂಗಿ ಎತ್ತಿ ಆ ನಳಿಗೆ ತೋರಿಸಲು ಸರ್ ಒಪ್ಪುತ್ತಿರಲಿಲ್ಲ. ನೆಂಟರ ಮನೆ, ಮದುವೆ, ಎಲ್ಲ ಬಿಟ್ಟಿದ್ದರು. "ಹಂಗಾದ್ರ ನಮ್ಮ ಕೋಣಿನ ನಮ್ಮ ಜೋಡಿ ಬರಲಿ," ಎಂದು ನೀಲಾಂಬಿಕಾ ನನ್ನನ್ನು ಕಟ್ಟಿಸಿದ್ದರು. ನನ್ನ ಜಾರುಕೋಣೆಯೇ ಅವರ ಡಯಾಲಿಸಿಸ್ ಕೋಣೆ. ಅಷ್ಟು ದೊಡ್ಡ ನಂಬಿಕೆಯನ್ನು ನನ್ನ ಮೇಲೆ ಇಟ್ಟಿದ್ದರು.

ಮೊದಲ ವರ್ಷ ಚೆನ್ನಾಗಿಯೇ ನಡೆಯಿತು. ಬಾದಾಮಿ ನೋಡಿದೆವು, ವಿಜಯಪುರ ನೋಡಿದೆವು. ಊಟ, ಓಡಾಟ, ಡ್ರೈವಿಂಗು ಎಲ್ಲ ನೀಲಾಂಬಿಕಾರದು. ಸೂರಿನ ಕಸ ತೆಗೆಯುವುದೊಂದೇ ಸರ್ ಅವರದು. ಹಟ ಮಾಡಿ ತೆಗೆದುಕೊಂಡ ಕೆಲಸ ಅದು.

ಎರಡನೆಯ ಬೇಸಿಗೆಯಲ್ಲಿ ನವಿಲುತೀರ್ಥದ ಹಿನ್ನೀರಿನ ಹತ್ತಿರ ಒಂದು ಜಾಲಿಮರದ ಕೆಳಗೆ ತಂಗಿದ್ದೆವು. ಹೊರಡುವ ಬೆಳಿಗ್ಗೆ ಸರ್ ಪೊರಕೆ ಹಿಡಿದು ನನ್ನ ಏಣಿಯ ಹತ್ತಿರ ಬಂದರು. ಮೂರನೆಯ ಮೆಟ್ಟಿಲಿಗೆ ಉಬ್ಬಸ ಬಂತು. ಎರಡೂ ಕೈಯಲ್ಲಿ ನನ್ನನ್ನು ಅಪ್ಪಿಕೊಂಡು ನಿಂತರು. ಅವರ ಎದೆಯ ಬಡಿತ ನನ್ನ ತಗಡಿಗೆ ತಾಗುತ್ತಿತ್ತು. ಮೆಲ್ಲಗೆ ಇಳಿದು, ಪೊರಕೆಯನ್ನು ಸುಮ್ಮನೆ ನಾಲ್ಕು ಸಲ ನೆಲಕ್ಕೆ ಬಡಿದರು.

"ಮ್ಯಾಲಿನ ಕಸಾ ತಗದ್ರೇನ್ರಿ?" ನೀಲಾಂಬಿಕಾ ಒಳಗಿನಿಂದ ಕೇಳಿದರು.

"ತಗದೆ, ಒಳಗ ಎಳಿ."

ಗುಂಡಿ ಒತ್ತಿದರು. ಸೂರಿನ ಮೇಲಿದ್ದ ಮುಳ್ಳಿನ ಕಡ್ಡಿಯೊಂದು ರಬ್ಬರ್ ಪಟ್ಟಿಯ ಸಂದಿಗೆ ಸಿಕ್ಕು, ಪಟ್ಟಿಯನ್ನು ಗೇಣುದ್ದ ಸೀಳಿತು. ನನಗೆ ಗೊತ್ತಾಯಿತು. ಹೇಳಲು ಬಾಯಿ ಎಲ್ಲಿದೆ?

ಜೂನಿನಲ್ಲಿ ಕಾರವಾರದಲ್ಲಿ ನೀಲಾಂಬಿಕಾರ ತಂಗಿಯ ಮಗಳ ಮದುವೆ. ಮದುವೆಮನೆಯ ಅಂಗಳದಲ್ಲೇ ನನ್ನನ್ನು ನಿಲ್ಲಿಸಿದರು. ಐದು ದಿನ ಮಳೆ ಬಿಡಲಿಲ್ಲ. ಸೀಳಿನಿಂದ ನೀರು ಇಳಿದು ಸೂರಿನ ಪ್ಲೈವುಡ್ ಸೇರಿತು. ಹೊರಗೆ ನನ್ನ ಬಣ್ಣ ಮಳೆಗೆ ತೊಳೆದು ಫಳಫಳ ಹೊಳೆಯುತ್ತಿತ್ತು. ಮದುವೆಗೆ ಬಂದವರು ನನ್ನ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಒಳಗೆ ನಾನು ಕೊಳೆಯುತ್ತಿದ್ದೆ. ಆ ಹೊಗಳಿಕೆ ಕೇಳುವಾಗ ಆದಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿಲ್ಲ.

"ಏನೋ ಮುಗ್ಗಲ ವಾಸನಿ ಬರಾಕತ್ತೈತಲ್ರಿ," ಎಂದರು ನೀಲಾಂಬಿಕಾ.

"ಸಮುದ್ರದ್ದು ಅದು," ಎಂದರು ಸರ್. ಮಂಚದ ಹಿಂದಿನ ಮೂಲೆಯಲ್ಲಿ ಹಸಿಯಾದ ಜಾಗ ಅವರಿಗೆ ಆಗಲೇ ಕಂಡಿತ್ತು. ಅಲ್ಲಿ ಟವೆಲ್ ಒತ್ತಿ, ಮೇಲೆ ದಿಂಬು ಇಟ್ಟಿದ್ದರು. ದಿಂಬಿನ ಹಿಂದೆ ಕಪ್ಪು ಬೂಷ್ಟು ಬೆಳೆಯಿತು. ಅದೇ ಮೂಲೆಯ ಪಕ್ಕ ಕೂತು ದಿನಕ್ಕೆ ನಾಲ್ಕು ಬಾರಿ ನಳಿಗೆ ಬಿಚ್ಚಿ ಜೋಡಿಸುತ್ತಿದ್ದರು.

ಗದಗಿಗೆ ಮರಳಿದ ಮೂರನೆಯ ದಿನ ಹೊಟ್ಟೆಯಿಂದ ಇಳಿದ ನೀರು ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿತ್ತು. ಚಳಿಜ್ವರ, ಹೊಟ್ಟೆ ಮುಟ್ಟಿದರೆ ಕೂಗುವಷ್ಟು ನೋವು. ನನ್ನಲ್ಲೇ ಮಲಗಿಸಿಕೊಂಡು ನೀಲಾಂಬಿಕಾ ಹುಬ್ಬಳ್ಳಿಯ ಆಸ್ಪತ್ರೆಗೆ ಓಡಿಸಿದರು. ಸೋಂಕು ಹೊಟ್ಟೆಯೊಳಗೆ ಇಳಿದಿತ್ತು. ಬೂಷ್ಟಿನಿಂದಲೇ ಬಂತೆಂದು ಖಚಿತವಾಗಿ ಹೇಳಲಾಗದು, ಆದರೆ ಅಂಥ ಕೋಣೆಯಲ್ಲಿ ಇದನ್ನು ಮಾಡಲೇಬಾರದು ಎಂದು ಡಾಕ್ಟರು ಹೇಳಿದರಂತೆ.

ನೀಲಾಂಬಿಕಾ ನನ್ನನ್ನು ದಾವಲಸಾಬರ ಶೆಡ್ಡಿಗೆ ತಂದರು. ದಾವಲಸಾಬರು ಜಾರುಕೋಣೆಯ ಸೂರಿಗೆ ಬೆರಳು ಒತ್ತಿದರು. ಬೆರಳು ನೆನೆದ ಬ್ರೆಡ್ಡಿಗೆ ಇಳಿದಂತೆ ಇಳಿಯಿತು. ಅವರ ಮುಖ ಸಣ್ಣದಾಯಿತು.

"ನಾ ಕಟ್ಟಿದ್ದು ಇಷ್ಟ ಲಗೂನ ಹಿಂಗಾತೇನ್ರಿ ಅಕ್ಕಾರ?" ಎಂದು ಏಣಿ ಹತ್ತಿ ರಬ್ಬರ್ ಪಟ್ಟಿ ಎತ್ತಿದರು. ಸಂದಿಯಿಂದ ಜಾಲಿಯ ಕಡ್ಡಿ ಹೊರಬಂತು. "ಕಸಾ ತಗೀಲಾರದ ಎಳದೀರಿ ನೋಡ್ರಿ."

"ಇಲ್ಲ, ಅವರು ತಗದಿದ್ರು..." ಎಂದು ನೀಲಾಂಬಿಕಾ ಅಷ್ಟಕ್ಕೇ ನಿಲ್ಲಿಸಿದರು. ಕಡ್ಡಿ ಈಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ದಿಂಬು ಸರಿಸಿದರು, ಟವೆಲ್ ಕಂಡಿತು. ನನ್ನ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು.

ಹನ್ನೊಂದು ದಿನಕ್ಕೆ ಸರ್ ಉಳಿದು ಬಂದರು. ಮನೆಗೆ ಹೋಗುವ ಮೊದಲು ಶೆಡ್ಡಿಗೆ ಕರೆದೊಯ್ಯಲು ಅವರೇ ಹೇಳಿದರಂತೆ. ನನ್ನ ಸೂರು ಬಿಚ್ಚಿತ್ತು, ಕಪ್ಪಾದ ಮರವೆಲ್ಲ ಬಯಲಾಗಿತ್ತು. ಅವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಇಬ್ಬರಿಗೂ ಮುಖ ಎತ್ತಲಾಗಲಿಲ್ಲ.

"ದಾವಲಸಾಬ್, ತಪ್ಪು ನಿಮ್ಮದಲ್ಲ. ನಾ ಏಣಿ ಹತ್ತಲಿಲ್ಲ. ಹತ್ತೀನಂತ ಸುಳ್ಳು ಹೇಳಿದೆ," ಎಂದರು. ಹೆಂಡತಿಯ ಕಡೆ ತಿರುಗಲಿಲ್ಲ.

"ನನಗ ಗೊತ್ತಾಗೇತಿ," ಎಂದರು ನೀಲಾಂಬಿಕಾ. "ಹತ್ತಾಕ ಆಗವಲ್ದು ಅಂದಿದ್ರ ನಾ ಹತ್ತತಿದ್ದೆ. ಅಷ್ಟ ಆಗತಿತ್ತು. ಒಂದ ಮಾತಿಗೆ ಜೀವಾ ಕೊಡಾಕ ಹೊಂಟಿದ್ರಲ್ರಿ?"

"ಎಲ್ಲಾನೂ ನೀನ ಮಾಡ್ತಿ, ನೀಲಾ. ಅದೊಂದರ ನನಗ ಇರಲಿ ಅಂತ..."

ನೀಲಾಂಬಿಕಾ ಎದ್ದು ರಸ್ತೆಯ ತನಕ ಹೋಗಿ ನಿಂತರು. ದಾವಲಸಾಬರು ಸುತ್ತಿಗೆ ಹುಡುಕುವ ನೆವದಲ್ಲಿ ಒಳಗೆ ಹೋದರು. ಅರ್ಧ ಗಂಟೆಯ ನಂತರ ನೀಲಾಂಬಿಕಾ ಮರಳಿ ಬಂದಾಗ ಕಣ್ಣು ಕೆಂಪಾಗಿದ್ದವು. ಕೋಪ ಇಳಿದಿರಲಿಲ್ಲ. ಆದರೂ ಚಾ ತಂದಿದ್ದರು. ಸರ್ ಅವರಿಗೆ ಕುಡಿಯುವುದಕ್ಕೂ ಲೆಕ್ಕವಿತ್ತು, ಅರ್ಧ ಲೋಟವಷ್ಟೇ.

ದಾವಲಸಾಬರು ಕೊಳೆತ ಪ್ಲೈವುಡ್ಡನ್ನೆಲ್ಲ ಕತ್ತರಿಸಿ ತೆಗೆದರು. ಮಳೆ ಬಿಡುವು ಕೊಟ್ಟಾಗ ಚೌಕಟ್ಟನ್ನು ನಾಲ್ಕು ದಿನ ಬಿಸಿಲಿಗೆ ಒಣಗಿಸಿದರು. ನೀರು ನಿಲ್ಲದ ಹಾಗೆ ಹೊಸ ಸೂರಿಗೆ ಸ್ವಲ್ಪ ಇಳಿಜಾರು ಕೊಟ್ಟರು, ಅಂಚಿಗೆ ಅಂಟುಪಟ್ಟಿ ಒತ್ತಿದರು, ಮೊಳೆಯ ತಲೆಗಳಿಗೆಲ್ಲ ಸೀಲೆಂಟ್ ಮೆತ್ತಿ ಹೊಸ ರಬ್ಬರ್ ಹಾಕಿದರು. ಹಳೆಯ ಸಿಲಿಕಾನ್ ಅಂಟು ಕೆರೆಯುವ ಕೆಲಸ ಸರ್ ಕೇಳಿ ಪಡೆದರು. ಬಾಯಿಗೆ ಬಟ್ಟೆ ಕಟ್ಟಿ, ನೆರಳಿನಲ್ಲಿ ಸ್ಟೂಲಿನ ಮೇಲೆ ಕೂತು, ಬಿಚ್ಚಿಟ್ಟ ಅಂಚುಪಟ್ಟಿಗಳನ್ನು ತೊಡೆಯ ಮೇಲಿಟ್ಟುಕೊಂಡು ಎರಡು ದಿನ ಕೆರೆದರು. ದಣಿದಾಗ, "ನೀಲಾ, ಇನ್ನ ಆಗವಲ್ದು," ಎಂದು ಬಾಯಿಬಿಟ್ಟು ಹೇಳಿದರು. ಕಿವಿಯ ತನಕ ಕೆಂಪಾಗಿದ್ದರು. ಉಳಿದದ್ದನ್ನು ನೀಲಾಂಬಿಕಾ ಕೆರೆದರು.

ಕೊನೆಗೆ ಪೈಪಿನಿಂದ ಒಂದು ತಾಸು ನೀರು ಬಿಟ್ಟರು. ನೀಲಾಂಬಿಕಾ ಒಳಗೆ ಸೂರಿಗೆ ಅಂಗೈ ಹಚ್ಚಿ ನಿಂತಿದ್ದರು. "ಒಣಗೇ ಐತಿ!" ಎಂದು ಕೂಗಿದರು.

ಅಲ್ಲಿಂದ ಮುಂದೆ ಏಣಿ ಹತ್ತಿದ್ದು ನೀಲಾಂಬಿಕಾ, ಕೆಳಗೆ ಹಿಡಿದು ನಿಂತದ್ದು ಸರ್. ಹಾಗೆ ಇನ್ನೂ ನಾಲ್ಕು ವರ್ಷ ತಿರುಗಿದೆವು. ಆಮೇಲೆ ವಾರಕ್ಕೆ ಮೂರು ದಿನ ಆಸ್ಪತ್ರೆಯಲ್ಲೇ ಡಯಾಲಿಸಿಸ್ ಆಗಬೇಕಾಯಿತು. ದೂರದ ಪ್ರವಾಸ ನಿಂತಿತು. ನನ್ನನ್ನು ಮಾರಿದರು.

ಈಗ ನಾನು ಅಣ್ಣಿಗೇರಿ ರಸ್ತೆಯ ಒಂದು ಸಸಿಗಳ ನರ್ಸರಿಯಲ್ಲಿದ್ದೇನೆ. ಗಾಲಿಗಳಿಲ್ಲ, ಇಟ್ಟಿಗೆಗಳ ಮೇಲೆ ನಿಂತಿದ್ದೇನೆ. ಜಾರುಕೋಣೆ ಹೊರಗೇ ಬಿಗಿದು ಕೂತಿದೆ. ಅದೇ ಮಾಲಕಿ ಫಕೀರವ್ವನ ಆಫೀಸು. ರಬ್ಬರು ಮುದಿಯಾಗಿದೆ, ಜೋರು ಮಳೆಗೆ ಮತ್ತೆ ಒಂದು ಕಡೆ ಹನಿಯುತ್ತೇನೆ.

ಮೊನ್ನೆ ಮಳೆಯಲ್ಲಿ ಮಲ್ಲಿಗೆ ಸಸಿ ಕೊಳ್ಳಲು ಒಬ್ಬಾಕೆ ಒಳಗೆ ಬಂದಳು. ಸೋರುವುದು ಕಂಡೀತೆಂದು ನಾನು ಮುದುಡಿಕೊಂಡೆ.

"ಈಚೆ ಸರದು ಕೂಡ ಯವ್ವಾ, ಅಲ್ಲಿ ಸೋರತೈತಿ," ಎಂದಳು ಫಕೀರವ್ವ, ಬಕೆಟ್ ತಂದಿಡುತ್ತ. ಆಕೆ ಸರಿದು ಕೂತಳು. ಇಬ್ಬರೂ ದುಂಡುಮಲ್ಲಿಗೆಯೋ ಕಾಕಡವೋ ಎಂದು ಮಾತು ಮುಂದುವರಿಸಿದರು.

ಬಕೆಟ್ಟಿಗೆ ಹನಿ ಬೀಳುತ್ತಿತ್ತು. ಇಲ್ಲಿ ಸೋರುತ್ತದೆಂದು ಒಬ್ಬರು ಗಟ್ಟಿಯಾಗಿ ಹೇಳಿದ್ದನ್ನು, ಇನ್ನೊಬ್ಬರು ಬೇಸರವಿಲ್ಲದೆ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು.