ತನ್ನದಲ್ಲದ ಗೆರೆ

ಆ ಗೆರೆ ತನ್ನದಲ್ಲ. ತೇಜಸ್ವಿನಿ ಹಲಗೆಯನ್ನು ಕಿಟಕಿಯ ಬಳಿಗೆ ಒಯ್ದು ಬೆಳಕಿಗೆ ಓರೆಯಾಗಿ ಹಿಡಿದಳು. ಹನ್ನೊಂದು ವರ್ಷ ಅಟ್ಟದ ಮೇಲೆ ಬಿದ್ದಿದ್ದ ಹಲಗೆ. ಅದರ ಮೇಲೆ ಅವಳೇ ಕೆತ್ತಿದ ಚಿತ್ರ: ಮಾವಿನ ಸಸಿಗೆ ಕಸಿ ಕಟ್ಟುತ್ತಿರುವ ಎರಡು ಕೈ. ಮಸಿ ಹಚ್ಚಿ, ಕಾಗದ ಒತ್ತಿ, ಮೂರೇ ಮೂರು ಅಚ್ಚು ತೆಗೆದಿದ್ದಳು. ಆಮೇಲೆ ಮಗಳು ಹುಟ್ಟಿದಳು, ಶ್ರೀನಿವಾಸಪುರದ ಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಕೆಲಸ ಸಿಕ್ಕಿತು. ಉಳಿ ಕೈಬಿಟ್ಟದ್ದು ಯಾವ ದಿನ ಎಂದು ಅವಳಿಗೂ ಗೊತ್ತಿಲ್ಲ.

ಹಲಗೆಯ ಮೇಲೆಲ್ಲ, ಗೆರೆಗಳ ಒಳಗೂ ಇಳಿದು, ಆ ಕಾಲದ ಮಸಿ ಒಣಗಿ ಕಲ್ಲಾಗಿತ್ತು. ಸಸಿಯ ಕಾಂಡದ ಮೇಲೆ ಓರೆಯಾಗಿ ಎಳೆದ ಈ ಒಂದು ಗೆರೆಯೊಳಗೆ ಮಾತ್ರ ಮಸಿಯ ಸುಳಿವಿಲ್ಲ, ಬರಿಯ ಮರ. ಅಂದರೆ ಕೊನೆಯ ಅಚ್ಚು ತೆಗೆದ ಮೇಲೆ ಯಾರೋ ಕೊರೆದದ್ದು.

ಯಾರು?

ಮುಂದಿನ ತಿಂಗಳು ಕೋಲಾರದಲ್ಲಿ ಅಚ್ಚುಚಿತ್ರಗಳ ಪ್ರದರ್ಶನ. ಅದನ್ನು ಏರ್ಪಡಿಸುತ್ತಿದ್ದ, ಅವಳ ಜೊತೆಗೆ ಓದಿದ ಅಮರನಾಥ್ ಫೋನಿನಲ್ಲಿ, "ಹೊಸದು ಬೇಕು ಕಣೇ. ಹಳೇದು ಕಳ್ಸಿ ಟೋಪಿ ಹಾಕ್ಬೇಡ" ಎಂದಿದ್ದ. ಅವಳು ಹೂಂಗುಟ್ಟಿದ್ದಳು. ಮನಸ್ಸಿನಲ್ಲಿದ್ದದ್ದು ಟೋಪಿಯೇ. ಈ ಚಿತ್ರವನ್ನು ಅವನು ನೋಡಿರಲಿಲ್ಲ. ಇದನ್ನೇ ಇನ್ನೊಮ್ಮೆ ಒತ್ತಿ ಕಳಿಸಿದರೆ ಉಳಿ ಹಿಡಿಯುವ ಪ್ರಮೇಯವೇ ಇಲ್ಲ. ಹೋದ ವಾರ ತುಂಡು ಮರವೊಂದರ ಮೇಲೆ ಉಳಿಯಾಡಿಸಿ ನೋಡಿದಾಗ ಒಂದು ಗೆರೆಯೂ ನೆಟ್ಟಗೆ ಬಂದಿರಲಿಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ.

ಗಂಡ ಮುನಿಕೃಷ್ಣ ಹಜಾರದಲ್ಲಿ ಪೇಪರ್ ಓದುತ್ತಿದ್ದ.

"ರೀ, ಇದನ್ನ ಯಾರಿಗಾದ್ರೂ ಕೊಟ್ಟಿದ್ರಾ?"

"ನಂಗ್ಯಾಕೆ ಬೇಕೇ ನಿನ್ನ ಹಲಗೆ? ಒಂದ್ಸಲ ಅದರ ಮೇಲೆ ಕಾಫಿ ಲೋಟ ಇಟ್ಟಿದ್ದಕ್ಕೆ ಎರಡು ದಿನ ಮಾತಾಡ್ಸಿಲ್ಲ ನೀನು."

ಉತ್ತರ ಇಷ್ಟು ಬೇಗ ಬಂದದ್ದಕ್ಕೇ ಅವಳಿಗೆ ಅನುಮಾನ. ಆದರೆ ಪೆನ್ಸಿಲ್ ಚೂಪು ಮಾಡಲೂ ಮಗಳನ್ನು ಕರೆಯುವ ಮನುಷ್ಯ ಅವನು. ಅವಳು ಗೆರೆಯೊಳಗೆ ಬೆರಳಾಡಿಸಿದಳು. ತನ್ನ ಉಳಿಯ ಗೆರೆಗಳ ತಳ ಗುಂಡಗಿತ್ತು. ಇದರ ತಳ ಚೂಪು. ಚಾಕು. ಆ ಕಡೆಯಿಂದ ಒಂದು ಎಳೆತ, ಈ ಕಡೆಯಿಂದ ಒಂದು, ಎಲ್ಲೂ ತಡವರಿಸಿಲ್ಲ. ಮನೆಯಲ್ಲಿ ಅಂಥ ಕೈ ಒಂದೇ.

ಅತ್ತೆ ದೊಡ್ಡವೆಂಕಟಮ್ಮ ಮೂವತ್ತು ವರ್ಷ ಗೌನಿಪಲ್ಲಿಯ ನರ್ಸರಿಯಲ್ಲಿ ಮಾವಿಗೆ ಕಸಿ ಕಟ್ಟಿದವಳು. ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು.

"ಅತ್ತಮ್ಮಾ, ಇದು ನೀವು ಮಾಡಿದ್ದಾ?"

ಮುದುಕಿ ಹಲಗೆಯನ್ನು ನೋಡಿ ಮತ್ತೆ ಅವರೆಗೆ ಕೈಹಾಕಿದಳು. "ಓ, ಇವತ್ತು ಕಂಡಿತಾ ನಿಂಗೆ?"

"ಯಾಕೆ ಹಾಳ್ಮಾಡಿದ್ರಿ?"

"ಹಾಳ್ಮಾಡಿದ್ದು ನೀನು, ಅಮ್ಮಾಯಿ. ಅತ್ತೆ ಕೈ ಅಂತ ಗೋಡೆಗೆ ಹಾಕ್ದೆ. ನರ್ಸರಿ ಹೆಂಗಸ್ರು ಬಂದು ನೋಡಿ ಬಿದ್ದೂ ಬಿದ್ದೂ ನಕ್ರು. ಕಡ್ಡಿ ಮೇಲೆ ಕಡ್ಡಿ ನಿಲ್ಸಿದ್ದೀಯ, ಪೈಪು ಜೋಡಿಸ್ದಂಗೆ! ಓರೆಗೆ ಕೊಯ್ದು ಕೂರಿಸ್ದೇ ಇದ್ರೆ ಕಸಿ ಹಿಡೀತದಾ? ನಾನಂಗೆ ಕಟ್ಟಿದ್ರೆ ಓನರು ಅವತ್ತೇ ಪೋ ಅಂತ ಓಡಿಸ್ತಿದ್ದ."

"ಬಾಯ್ಬಿಟ್ಟು ಹೇಳ್ಬೋದಿತ್ತಲ್ಲ?"

"ಹೇಳೋಷ್ಟ್ರಲ್ಲಿ ನೀನು ಅಟ್ಟಕ್ಕೆ ಹಾಕ್ಬಿಟ್ಟೆ. ಇನ್ನೊಂದ್ಸಲ ಒತ್ತಿದಾಗಲಾದ್ರೂ ಸರಿಯಾಗಿ ಬರ್ಲಿ ಅಂತ ನಾನೇ ಅಟ್ಟ ಹತ್ತಿ ಓರೆ ಗೆರೆ ಕೊಯ್ದಿಟ್ಟೆ."

ಹನ್ನೊಂದು ವರ್ಷ ತುಟಿ ಬಿಚ್ಚದೆ? ತೇಜಸ್ವಿನಿ ನಂಬಲಿಲ್ಲ. ಸೊಸೆ ಮತ್ತೆ ಆ ಕೆಲಸಕ್ಕೆ ಕೈಹಾಕದಿರಲಿ ಎಂದೇ ಕೆಡಿಸಿರಬಹುದು. ಒಳಗೆ ಹೋಗಿ ಹಲಗೆಗೆ ರೋಲರಿನಿಂದ ಮಸಿ ಹಚ್ಚಿದಳು. ಕಾಗದ ಹಾಸಿ ಚಮಚದ ಬೆನ್ನಿನಿಂದ ಉಜ್ಜಿದಳು. ಅಂಚು ಹಿಡಿದು ಎತ್ತಿದಳು.

ಕಪ್ಪು ಕಾಂಡದ ಮೇಲೆ ಒಂದು ಬಿಳಿಯ ಓರೆ ಗೆರೆ. ಹಿಂದಿನ ಅಚ್ಚುಗಳಲ್ಲಿ ಆ ಕೈಗಳು ಸಸಿಯನ್ನು ಸುಮ್ಮನೆ ಹಿಡಿದುಕೊಂಡಿದ್ದವು. ಈಗ ಕೆಲಸ ಮಾಡುತ್ತಿದ್ದವು. ಅದು ಸರಿಯಾಗಿದೆ ಎಂಬುದೇ ಅವಳ ಮೈ ಉರಿಸಿತು.

"ಟೇಪೇ ಸುತ್ತಿಲ್ಲ ನೋಡು." ಮುದುಕಿ ಬಾಗಿಲಲ್ಲಿ ನಿಂತಿದ್ದಳು. "ಕಟ್ಟಿಲ್ದಿರೋ ಕಸಿ ಗಾಳಿಗೇ ಬಿದ್ದೋಗ್ತದೆ. ಟೇಪ್ ಸುತ್ತಿದಂಗೆ ಸಣ್ಣ ಗೆರೆ, ಏಳೆಂಟು ಬೇಕು."

"ಅದನ್ನೂ ನೀವೇ ಕೊಯ್ಯೋದಿತ್ತು."

"ಎಲ್ಲಾ ನಾನೇ ಮಾಡಿದ್ರೆ ಕೆಳಗೆ ಹೆಸರು ಯಾರ್ದು ಹಾಕ್ತೀಯ? ಕೊಡು ಹಂಗಾದ್ರೆ, ಚಾಕು ತರ್ತೀನಿ."

ಹಂಗಿಸಿದ್ದೋ, ನಿಜಕ್ಕೂ ಕೇಳಿದ್ದೋ ತಿಳಿಯಲಿಲ್ಲ. ಮುದುಕಿ ಕೈಯನ್ನೂ ಚಾಚಿದಳು. ತೇಜಸ್ವಿನಿ ಹಲಗೆಯನ್ನು ತನ್ನ ಕಡೆ ಎಳೆದುಕೊಂಡಳು. ಡಬ್ಬದಿಂದ ಎಲ್ಲಕ್ಕಿಂತ ಸಣ್ಣ ಉಳಿಯನ್ನು ಹುಡುಕಿ ತೆಗೆದು ಕಾಂಡದ ಮೇಲಿಟ್ಟಳು.

ದೊಡ್ಡವೆಂಕಟಮ್ಮ ಎದುರಿಗೆ ಬಂದು ಕುಕ್ಕರಗಾಲಲ್ಲಿ ಕೂತಳು. ಹಲಗೆ ಜಾರದಂತೆ ಎರಡೂ ಅಂಗೈಯಿಂದ ಅದುಮಿ ಹಿಡಿದಳು. ಹಸಿ ಮಸಿ ಕೈಗೆ ಮೆತ್ತಿಕೊಂಡದ್ದನ್ನು ಲೆಕ್ಕಿಸಲಿಲ್ಲ.

ತೇಜಸ್ವಿನಿ ಉಳಿ ತಳ್ಳಿದಳು. ಮರದ ಎಳೆಯೊಂದು ಸುರುಳಿಯಾಗಿ ಎದ್ದು ಮುದುಕಿಯ ಹೆಬ್ಬೆರಳ ಮೇಲೆ ಬಿತ್ತು. ಅವಳು ಅದನ್ನು ಕೊಡವಿಕೊಳ್ಳಲಿಲ್ಲ, ಗೆರೆಯನ್ನೂ ನೋಡಲಿಲ್ಲ. ಮೊದಲ ದಿನ ಕೂಲಿಗೆ ಬಂದವಳನ್ನು ಗಮನಿಸುವ ಹಾಗೆ, ಕಣ್ಣು ಕಿರಿದು ಮಾಡಿಕೊಂಡು, ಸೊಸೆಯ ಕೈಯನ್ನೇ ನೋಡುತ್ತಿದ್ದಳು.