ಏಳನೆಯ ಜೊತೆ

ನಿಧಾನ ನಡಿಗೆಯ ಬಳಗದಲ್ಲಿ ಒಂದು ಕಟ್ಟಳೆ ಇತ್ತು. ಯಾರೂ ತಮ್ಮ ಮನೆಯವರ ಜೊತೆ ನಡೆಯುವ ಹಾಗಿಲ್ಲ. ಗಂಡ ಹೆಂಡತಿಯಾಗಲಿ, ಅಪ್ಪ ಮಗನಾಗಲಿ, ಹೊರಡುವ ಮುಂಚೆಯೇ ಡ್ರಿಲ್ ಮೇಷ್ಟ್ರು ಅವರನ್ನು ಬೇರ್ಪಡಿಸಿ ಹೊಸ ಜೊತೆ ಕಟ್ಟಿಬಿಡುತ್ತಿದ್ದರು. ಮನೆಯ ಜಗಳವನ್ನು ಕಾಡಿನವರೆಗೂ ಹೊತ್ತು ತರಬೇಡಿ ಎಂಬುದು ಅವರ ವಾದ. ಶಾಲೆಯಿಂದ ನಿವೃತ್ತರಾಗಿ ಆರು ವರ್ಷವಾದರೂ ಅವರ ಗಂಟಲಿಗೆ ಅದು ಗೊತ್ತಾದಂತಿರಲಿಲ್ಲ.

ಮೂರು ಕೆರೆಗಳನ್ನು ಬಳಸಿ ಮರಗಳ ನಡುವೆ ಸಾಗುವ ದಾರಿ. ಕೋಲು ಊರುವವರು, ಉಬ್ಬಸದವರು, ಕಣ್ಣು ಮಂದವಾದವರು, ಯಾರು ಬೇಕಾದರೂ ಬರಬಹುದು. ಅವಸರದವರು ಮಾತ್ರ ಬೇಡ. ಪ್ರತಿ ಕೆರೆಯಿಂದ ಹೊರಡುವಾಗ ಮೇಷ್ಟ್ರು "ಜೊತೆ ಇದೆಯಾ?" ಎಂದು ಕೂಗುವರು. ಪ್ರತಿಯೊಬ್ಬರೂ ಪಕ್ಕದಲ್ಲಿರುವ ತಮ್ಮ ಜೊತೆಗಾರರನ್ನು ನೋಡಿ "ಇದೆ" ಎನ್ನಬೇಕು. ತಲೆ ಎಣಿಸುವುದು ಮೇಷ್ಟ್ರಿಗೆ ಸೇರುತ್ತಿರಲಿಲ್ಲ, ಇವರೇನು ಕುರಿಮಂದೆಯೇ ಎನ್ನುವರು. ಇಷ್ಟು ವರ್ಷದಲ್ಲಿ ಒಬ್ಬರನ್ನೂ ಕಳೆದಿಲ್ಲ ಎಂದು ಬೀಗುತ್ತಲೂ ಇದ್ದರು.

ಆ ಭಾನುವಾರ ಬಂದವರು ಹದಿನಾಲ್ಕು ಮಂದಿ. ಅವರಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳಿದ್ದಳು, ಎಲ್ಲರೂ ಅವಳನ್ನು ಮೆಡಿಕಲ್ ಅಕ್ಕ ಎನ್ನುತ್ತಿದ್ದರು. ಇದೇ ಮೊದಲ ಸಲ ಅವಳು ತಾಯಿಯನ್ನೂ ಕರೆತಂದಿದ್ದಳು. ತಾಯಿ ಒಂದು ಕಾಲಕ್ಕೆ ಬಾಯಿಗೆ ಬೀಗವೇ ಇಲ್ಲದ ಹೆಂಗಸು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಸೋತಿತು, ನಡೆಯಲು ಕೋಲು ಬೇಕಾಯಿತು, ಮಾತು ಹೋಯಿತು. ಈಗ ಉಳಿದಿರುವುದು ಬೆರಳೆಣಿಕೆಯ ಮಾತುಗಳು, ಅವೂ ತಡವರಿಸಿ ತಡವರಿಸಿ ಬರುತ್ತವೆ.

ಅಂದಿನಿಂದ ಮಗಳದು ಒಂದೇ ಕೆಲಸ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು. ಬಚ್ಚಲುಮನೆಯ ಒಳಚಿಲಕ ಕಿತ್ತಿಸಿದಳು. ತಾಯಿಯ ಕೋಣೆಯ ಬಾಗಿಲು ಮುಚ್ಚದಂತೆ ಇಸ್ತ್ರಿಪೆಟ್ಟಿಗೆಯನ್ನು ಅಡ್ಡ ಇಟ್ಟಳು. ಅಂಗಡಿಯಲ್ಲಿ ಚೀಟಿ ನೋಡಿ ಮಾತ್ರೆ ಕತ್ತರಿಸಿ ಕೊಡುವ ನಡುವೆಯೂ ಗಂಟೆಗೊಮ್ಮೆ ಪಕ್ಕದ ಮನೆಗೆ ಫೋನು. ಬೀದಿಗಿಳಿದರೆ ತಾಯಿಯ ಮಣಿಕಟ್ಟು ಅವಳ ಕೈಯಲ್ಲೇ. ತಾಯಿ ಮೊದಮೊದಲು ಕೈ ಕೊಸರುತ್ತಿದ್ದಳು, ಆಮೇಲೆ ಬಿಟ್ಟಳು.

ಮೇಷ್ಟ್ರು ತಾಯಿಗೆ ಜೊತೆ ಹಾಕಿದ್ದು ಒಬ್ಬ ಬಡಗಿಯನ್ನು. ಅರವತ್ತು ದಾಟಿದ ಮನುಷ್ಯ, ಮರ ಕೊಯ್ಯುವ ಯಂತ್ರದ ಪಕ್ಕದಲ್ಲೇ ಆಯುಷ್ಯ ಕಳೆದು ಎರಡೂ ಕಿವಿ ಕಳೆದುಕೊಂಡಿದ್ದ. ಆದರೆ ಮಾತು ಧಾರಾಳ. ಅವರ ಬಾಯಿ ಇವರಿಗೆ, ಇವರ ಕಿವಿ ಅವರಿಗೆ, ಲೆಕ್ಕ ಸರಿಹೋಯಿತು ಎಂದು ಮೇಷ್ಟ್ರು ನಕ್ಕರು. ಮೆಡಿಕಲ್ ಅಕ್ಕನಿಗೆ ಸಿಕ್ಕವರು ಗಡಿಯಾರ ರಿಪೇರಿಯವರು. ಮಂಡಿ ಬದಲಿಸಿಕೊಂಡಿದ್ದ ಅವರು, ಹಳೇ ಮುಳ್ಳು ಹೋಗಿ ಹೊಸ ಮುಳ್ಳು ಬಂದಿದೆ, ಆದರೂ ಟೈಮು ನಿಧಾನ ಎಂದು ತಮ್ಮನ್ನೇ ಹಾಸ್ಯ ಮಾಡಿಕೊಳ್ಳುತ್ತಿದ್ದರು.

ಮೊದಲ ಕೆರೆಯವರೆಗೂ ಅವಳು ನಿಮಿಷಕ್ಕೊಮ್ಮೆ ಹಿಂದೆ ತಿರುಗಿದಳು. ಬರಬರುತ್ತಾ ಎರಡು ನಿಮಿಷಕ್ಕೊಮ್ಮೆ. ಆಮೇಲೆ ಗಡಿಯಾರದವರ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಾ ಮರೆತೇಬಿಟ್ಟಳು. ಕೈ ಎರಡೂ ಖಾಲಿಯಾಗಿ ಬೀಸಿ ನಡೆಯುವುದು ಇಷ್ಟು ಸುಖ ಎಂದು ಅವಳಿಗೆ ನೆನಪೇ ಇರಲಿಲ್ಲ. ಎರಡನೆಯ ಕೆರೆಯ ಬಳಿ ಎಲ್ಲರೂ ಕೂತು ನೀರು ಕುಡಿದರು. ಹೊರಡುವಾಗ ಮೇಷ್ಟ್ರು ಕೂಗಿದರು. ಅವಳ ಕಣ್ಣು ತಾಯಿಯನ್ನು ಹುಡುಕಲು ಹೊರಳುವುದರಲ್ಲಿತ್ತು. ಅವಳು ಹೊರಳಿಸಲಿಲ್ಲ. ಗಡಿಯಾರದವರನ್ನು ನೋಡಿ, ಎಲ್ಲರ ಜೊತೆ "ಇದೆ" ಎಂದಳು.

ಮೂರನೆಯ ಕೆರೆಗೆ ಬರುವಷ್ಟರಲ್ಲಿ ಹನ್ನೊಂದೂವರೆ. ತಾಯಿಯ ರಕ್ತದೊತ್ತಡದ ಮಾತ್ರೆಯ ಹೊತ್ತು. ಡಬ್ಬಿ ತೆಗೆದು ತಿರುಗಿದರೆ ತಾಯಿ ಇಲ್ಲ, ಬಡಗಿಯೂ ಇಲ್ಲ. ಎಣಿಸಿದಳು. ಹನ್ನೆರಡು. ಮತ್ತೆ ಎಣಿಸಿದರೂ ಹನ್ನೆರಡೇ.

ಮೇಷ್ಟ್ರ ಮುಖ ಬಿಳಚಿಕೊಂಡಿತು. ಎಲ್ಲರೂ ಇದೆ ಅಂದರಲ್ಲ ಎಂದು ಎರಡು ಸಲ ಹೇಳಿದರು. ಹೇಳುತ್ತಿದ್ದಂತೆಯೇ ಅವರಿಗೂ ಹೊಳೆಯಿತು. ಒಬ್ಬರು ತಪ್ಪಿಸಿಕೊಂಡರೆ ಹೇಳಲು ಜೊತೆಗಾರರಿರುತ್ತಾರೆ. ಇಬ್ಬರೂ ಒಟ್ಟಿಗೆ ತಪ್ಪಿಸಿಕೊಂಡರೆ ಇಲ್ಲ ಎನ್ನಲು ಯಾರೂ ಇರುವುದಿಲ್ಲ. ಆರು ವರ್ಷ ಈ ತೂತು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಬಡಗಿಗೆ ಮೆಸೇಜು ಕಳಿಸಲು ಮೊಬೈಲು ತೆಗೆದರೆ ಮರಗಳ ನಡುವೆ ಸಿಗ್ನಲ್ ಇಲ್ಲ. ಮೇಷ್ಟ್ರು ಇಬ್ಬರನ್ನು ಕರೆದುಕೊಂಡು ಕೆರೆಯ ಆಚೆಯ ದಾರಿ ಹಿಡಿದರು. ಮೆಡಿಕಲ್ ಅಕ್ಕ ಬಂದ ದಾರಿಯಲ್ಲೇ ವಾಪಸು ಓಡಿದಳು. ಗಡಿಯಾರದವರು ನಾಲ್ಕು ಹೆಜ್ಜೆ ಜೊತೆ ಬಂದು ನಿಂತುಬಿಟ್ಟರು. "ನೀನು ಹೋಗಮ್ಮ, ನನ್ನನ್ನ ಕಾಯ್ಬೇಡ" ಎಂದರು.

"ಅಮ್ಮಾ" ಎಂದು ಕೂಗುತ್ತಾ ಓಡಿದಳು. ಹತ್ತು ಸಲ ಕೂಗಿದ ಮೇಲೆ ಎದೆ ಧಸಕ್ಕೆಂದಿತು. ಯಾರನ್ನು ಕೂಗುತ್ತಿದ್ದೇನೆ ನಾನು? ಒಬ್ಬರಿಗೆ ಕೇಳುವುದಿಲ್ಲ. ಕೇಳುವವಳಿಗೆ ಓಗೊಡಲು ಬರುವುದಿಲ್ಲ. ಹತ್ತು ಮಾರು ದೂರದ ಪೊದೆಯ ಹಿಂದೆ ತಾಯಿ ಬಿದ್ದಿದ್ದರೂ ತನಗೆ ತಿಳಿಯುವುದಿಲ್ಲ. ಬರುವಾಗ ಚೆಂದ ಕಂಡಿದ್ದ ಕಾಡು ಈಗ ಪ್ರತಿ ಮರದ ಹಿಂದೆಯೂ ಏನನ್ನೋ ಅಡಗಿಸಿಟ್ಟುಕೊಂಡಂತೆ ಕಂಡಿತು. ಆದರೂ ಕೂಗುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಆ ಮೌನ ತಡೆಯಲಾಗುತ್ತಿರಲಿಲ್ಲ.

ಎರಡನೆಯ ಕೆರೆಯ ಅಂಚಿನಲ್ಲಿ, ಜೊಂಡಿನ ಪಕ್ಕ, ತಾಯಿಯ ಕೋಲು ಬಿದ್ದಿತ್ತು. ತುದಿಯ ರಬ್ಬರಿಗೆ ಹಸಿ ಕೆಸರು ಮೆತ್ತಿತ್ತು. ಕೋಲಿಲ್ಲದೆ ತಾಯಿ ಹಾಸಿಗೆಯಿಂದ ಕುರ್ಚಿಗೂ ಹೋಗುವವಳಲ್ಲ. ಮೆಡಿಕಲ್ ಅಕ್ಕ ಮಂಡಿಯೂರಿ ನೀರಿನೊಳಗೆ ಇಣುಕಿದಳು. ಕಂದು ನೀರು, ತಳ ಕಾಣದು. ಜೊಂಡನ್ನು ಎರಡೂ ಕೈಯಿಂದ ಸರಿಸಿದಳು. ಬೆರಳಿಗೆ ಮೆತ್ತಗೆ ಏನೋ ತಾಗಿ ಜೀವ ಬಾಯಿಗೆ ಬಂತು. ಕೊಳೆತ ಮರದ ತುಂಡು.

ತಲೆ ಎತ್ತಿದಾಗ ಕಂಡರು. ಜೊಂಡಿನ ಆಚೆ, ನೀರಿನ ಮೇಲೆ ಚಾಚಿದ್ದ ಹಳೆಯ ಹಲಗೆಯ ಅಟ್ಟಣೆಯ ತುತ್ತತುದಿಯಲ್ಲಿ ಎರಡು ಬೆನ್ನು. ಕಟಕಟೆ ಇಲ್ಲ. ತಾಯಿಯ ಕಾಲು ನೀರಿನ ಮೇಲೆ ಇಳಿಬಿದ್ದಿತ್ತು, ಸೋತ ಬಲಗೈ ಪಕ್ಕದಲ್ಲಿ ಜೋತಾಡುತ್ತಿತ್ತು. ಅವಳು ಕೂಗಲು ಬಾಯಿ ತೆರೆದು ಅಂಗೈಯಿಂದ ಮುಚ್ಚಿಕೊಂಡಳು. ಇಷ್ಟು ಹತ್ತಿರದಿಂದ ಕೂಗಿದರೆ ತಾಯಿ ಬೆಚ್ಚಿ ತಿರುಗಿಯಾಳು, ತಿರುಗಿದರೆ ಬಲಗಡೆಗೇ ವಾಲುವಳು. ಚಪ್ಪಲಿ ಬಿಟ್ಟು, ಉಸಿರು ಬಿಗಿಹಿಡಿದು ಹಲಗೆಯ ಮೇಲೆ ಒಂದೊಂದೇ ಹೆಜ್ಜೆ ಇಟ್ಟಳು. ಪ್ರತಿ ಹಲಗೆಯೂ ಕಿರ್ ಎನ್ನುತ್ತಿತ್ತು.

ತಾಯಿಯ ಭುಜ ಹಿಡಿದ ಮೇಲೆಯೇ ಅವಳಿಗೆ ಉಸಿರು ಬಂದದ್ದು. ಬಡಗಿ ತಿರುಗಿ ನೋಡಿ ಅಗಲವಾಗಿ ನಕ್ಕ. ಅವಳ ಮುಖ ಕಂಡು ನಗು ಆರಿಹೋಯಿತು.

"ಕೋಲು ಅಲ್ಲೇ ಬಿಟ್ಟು ನನ್ನ ತೋಳು ಹಿಡ್ಕೊಂಡು ಇಲ್ಲಿಗೆ ಬಂದ್ರು. ಎಲ್ಲರೂ ಹೊರಟಿದ್ದಾರೇನೋ, ಏಳೋಣ ಅಂದೆ ಕಣಮ್ಮ" ಎಂದ, ಕಿವಿ ಕೇಳದವರ ಎತ್ತರದ ದನಿಯಲ್ಲಿ. "ಯಾರಾದ್ರೂ ಕೂಗ್ತಿದ್ದಾರಾ ಅಂತ ನಿಮ್ಮಮ್ಮನ್ನ ಎರಡು ಸಲ ಕೇಳಿದೆ. ಇಲ್ಲ ಅಂತ ತಲೆ ಆಡಿಸಿದ್ರು."

ಮಗಳು ತಾಯಿಯ ಕಡೆ ತಿರುಗಿದಳು. "ಅಮ್ಮ, ನಾನು ಕೂಗಿದ್ದು ಕೇಳಿಸ್ಲಿಲ್ವಾ?"

ತಾಯಿ ನೀರನ್ನೇ ನೋಡುತ್ತಿದ್ದಳು. ತುಟಿ ಎರಡು ಸಲ ಆಡಿ ಸುಮ್ಮನಾಯಿತು. ಮೂರನೆಯ ಸಲಕ್ಕೆ ಮಾತು ಬಂತು.

"ಕೇಳ್ತು."

"ಮತ್ತೆ?"

"ನೀನು... ಹೋಗ್ಲಿ... ಅಂತ."

ಕಾಡಿನಲ್ಲಿ ಆದದ್ದಕ್ಕಿಂತ ದೊಡ್ಡ ಹೆದರಿಕೆ ಅವಳಿಗೆ ಆಗ ಆಯಿತು. ಕಾಲಿನ ಕೆಳಗೆ ಹಲಗೆಯ ಸಂದಿನಲ್ಲಿ ನೀರು ಕಪ್ಪಗೆ ಅಲುಗುತ್ತಿತ್ತು. ತಾಯಿ ದಾರಿ ತಪ್ಪಿರಲಿಲ್ಲ. ಮಗಳು ತಿರುಗಿ ನೋಡದೆ ಹೋದದ್ದನ್ನು ಇಲ್ಲಿಂದಲೇ ಕಂಡು, ಸುಮ್ಮನೆ ಕೂತಿದ್ದಳು. ತಾನು ಇನ್ನೊಂದು ಗಂಟೆ ತಡಮಾಡಿದ್ದರೆ ಎಂಬಲ್ಲಿಗೆ ಅವಳ ಯೋಚನೆ ಹೋಯಿತು, ಮುಂದೆ ಹೋಗಲು ಧೈರ್ಯ ಸಾಲಲಿಲ್ಲ. ಬೈಯಬೇಕೆಂದುಕೊಂಡಳು. ಬಾಯಿಗೆ ಬಂದದ್ದು ಬೇರೆ ಮಾತು.

"ಹೊರಡುವಾಗ ನಿನ್ನನ್ನ ನೋಡ್ಬೇಕು ಅನ್ನಿಸ್ತು" ಎಂದಳು. "ಬೇಕಂತಲೇ ನೋಡ್ಲಿಲ್ಲ. ಅರ್ಧ ಗಂಟೆ ನಿನ್ನ ನೆನಪೇ ಬರ್ಲಿಲ್ಲ ಅಮ್ಮ. ಚೆನ್ನಾಗಿತ್ತು."

ತಾಯಿ ಮೆಲ್ಲಗೆ ತಿರುಗಿ, ಮಗಳ ಕೆಸರಾದ ಕೈಗಳನ್ನು, ಬರಿಗಾಲನ್ನು, ಮುಖವನ್ನು ನೋಡಿದಳು. ಸೊಟ್ಟಗಾಗಿದ್ದ ಬಾಯಿ ಇನ್ನಷ್ಟು ಸೊಟ್ಟಗಾಯಿತು. ಅವಳು ನಗುತ್ತಿದ್ದಾಳೆಂದು ತಿಳಿಯಲು ಮಗಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ನಂಗೂ" ಎಂದಳು ತಾಯಿ.

ಬಡಗಿ ಇಬ್ಬರ ಮುಖವನ್ನೂ ನೋಡಿ, ಏನಾಯ್ತು, ಹೊರಡೋದಾ ಎಂದು ಕೇಳಿದ. ತಾಯಿ ಎಡಗೈ ಎತ್ತಿ ಇನ್ನೂ ಸ್ವಲ್ಪ ಎಂದು ಸನ್ನೆ ಮಾಡಿದಳು. ಮಗಳು ಅವಳ ಭುಜದಿಂದ ಕೈ ತೆಗೆದು ಒಂದು ಮೊಳ ದೂರದಲ್ಲಿ ಕೂತಳು. ಕೈ ತಾನಾಗಿ ತಾಯಿಯ ಮಣಿಕಟ್ಟಿನ ಕಡೆ ಹೋಗುತ್ತಿತ್ತು, ಅದನ್ನು ತನ್ನ ಮಂಡಿಗಳ ನಡುವೆ ಅದುಮಿ ಹಿಡಿದು ಕೂತೇ ಇದ್ದಳು.